ಎರಡು ತಾಸು ಇದ್ದವನು

ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಎಂದಿನ ಸದ್ದು. ನೆಗೆಣ್ಣಿ ಸುಮಿತ್ರಾ (ನನ್ನ ಮೈದುನನ ಹೆಂಡತಿ) ರೊಟ್ಟಿ ಬಡಿಯುತ್ತಿದ್ದಳು, ನಾನು ಚಹಾ ಸೋಸುತ್ತಿದ್ದೆ. ಪಡಸಾಲೆಯಲ್ಲಿ ನಮ್ಮವರು ಮತ್ತು ಅವರ ಗೆಳೆಯ, ರಿಟೈರ್ಡ್ ಫಿಲಾಸಫಿ ಲೆಕ್ಚರರ್. ಇವರಿಬ್ಬರ ವಾದ ರಾಯಬಾಗದ ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತದೆ.

ಇವತ್ತಿನ ವಿಷಯ: ಇಲ್ಲದ ವಸ್ತುವಿನ ಬಗ್ಗೆ ಮಾತಾಡಬಹುದೇ?

“ಇಲ್ಲಂದ ಮ್ಯಾಲ ಅದರ ಮಾತ್ಯಾಕ?” ಎಂದರು ನಮ್ಮವರು.

“ಅಲ್ಲೇ ಐತಿ ನೋಡೋ ಮಜಾ!” ಗೆಳೆಯರ ದನಿ ಏರಿತು. “ಇಲ್ಲ ಅನ್ನಾಕರೆ ಏನರೆ ಒಂದು ಬೇಕಲ್ಲ? ಮೊಲದ ಕೋಡು, ಆಕಾಶದ ಹೂವು, ಬಂಜಿ ಮಗ...”

ರೊಟ್ಟಿಯ ಸದ್ದು ನಿಂತಿತು.

ಸುಮಿತ್ರಾಳ ಒದ್ದೆ ಕೈ ಹಿಟ್ಟಿನ ಮೇಲೇ ಉಳಿದಿತ್ತು. ಹಂಚಿನ ಮೇಲಿನ ರೊಟ್ಟಿ ಕರಕಲಾದರೂ ಮಗುಚಲಿಲ್ಲ. ಹೊರಗೆ ಇಬ್ಬರೂ ನಗುತ್ತಿದ್ದರು. (ಚಹಾ ಆರಿದ್ದಕ್ಕೆ ಮಾತ್ರ ಕಂಪ್ಲೇಂಟ್ ಬಂತು.)

ಹನ್ನೊಂದು ವರ್ಷದ ಹಿಂದೆ ಸುಮಿತ್ರಾ ಒಬ್ಬ ಮಗನನ್ನು ಹೆತ್ತಳು. ಎರಡು ತಾಸು ಬದುಕಿದ್ದ. ನಾನೇ ಎತ್ತಿಕೊಂಡಿದ್ದೆ. ಎಡಗಿವಿಯ ತುದಿ ಚೂರೇ ಮಡಚಿತ್ತು, ಥೇಟ್ ನನ್ನ ಮೈದುನನ ಕಿವಿ. ಸಂಜೆಯೊಳಗೆ ಕಬ್ಬಿನ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದರು. ಬಂದವರಲ್ಲಿ ನಮ್ಮವರೂ ಇದ್ದರು. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ಕೂಸಿಗೆ ನಮ್ಮಲ್ಲಿ ಹೆಸರಿಡುವುದಿಲ್ಲ. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಊರು ಅವಳನ್ನು ಬಂಜೆ ಎಂದಿತು.

ಹಾಗಾದರೆ ಅವತ್ತು ನನ್ನ ಕೈಯಲ್ಲಿ ಬೆಚ್ಚಗೆ ಇದ್ದದ್ದೇನು? ಮೊಲದ ಕೋಡೇ?

ಮಧ್ಯಾಹ್ನ ಪಕ್ಕದ ಮನೆಯ ಶಾಂತಕ್ಕನ ಸೊಸೆಗೆ ಕುಬಸ. ಏಳು ತಿಂಗಳ ಬಸುರಿಗೆ ಉಡಿ ತುಂಬುವ ಶಾಸ್ತ್ರ. ಸುಮಿತ್ರಾ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು ಬಂದಿದ್ದಳು. ಬೊಗಸೆಯಲ್ಲಿ ಅಕ್ಕಿ ಹಿಡಿದು ಎದ್ದಳು.

“ನೀ ಕುಂದ್ರವಾ,” ಶಾಂತಕ್ಕ ನಗುತ್ತಲೇ ಅಂದರು. “ಮಕ್ಕಳೊಂದಿಗರು ಅಷ್ಟ ತುಂಬಲಿ.”

ದನಿ ಎತ್ತಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಎತ್ತಿದೆ. “ಆಕಿ ಹಡದಾಳ್ರಿ! ನಾ ಕಣ್ಣಾರೆ ಕಂಡೀನಿ!”

“ಹೌದ್ರಿ ವೈನಿ, ಆದ್ರ ಉಳೀಲಿಲ್ಲಲ್ಲ? ಇಲ್ಲದ್ದಕ್ಕ ಏನ್ ಮಾಡೂದು?”

ಸುಮಿತ್ರಾ ಒಂದು ಕಾಳೂ ಚೆಲ್ಲದಂತೆ ಅಕ್ಕಿಯನ್ನು ಪರಾತಕ್ಕೆ ವಾಪಸ್ ಸುರಿದಳು. “ನಡೀರಿ ಅಕ್ಕಾ, ಮನೀಗೆ ಹೋಗೂಣು.”

ಬೆಳಿಗ್ಗೆ ಓದಿದವರು ಹೇಳಿದ್ದನ್ನೇ ಮಧ್ಯಾಹ್ನ ಓದದವರು ಹೇಳಿದರು. ಅಷ್ಟು ಪುಸ್ತಕ ಯಾಕೆ ಬೇಕಿತ್ತು? ಇನ್ನು ನಾನು? ಹನ್ನೊಂದು ವರ್ಷ ಅವಳ ಪಕ್ಕದಲ್ಲೇ ನಿಂತು ಅಡುಗೆ ಮಾಡಿದೆ. “ಅವನ ಕಿವಿ ನೆನಪೈತೇನು?” ಎಂದು ಒಂದು ದಿನವೂ ಕೇಳಲಿಲ್ಲ. ಯಾರು ಇದ್ದರು, ಯಾರು ಇರಲಿಲ್ಲ ಎಂದು ತೀರ್ಮಾನಿಸುವ ಹಕ್ಕು ಹೆತ್ತವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಇದೆಯೇ?

ಸಂಜೆ ಶಾಂತಕ್ಕ ಕಂಪೌಂಡ್ ಗೋಡೆಯ ಮೇಲಿಂದ ಉಂಡಿಯ ಡಬ್ಬಿ ಚಾಚಿದರು. ಮಧ್ಯಾಹ್ನದ್ದು ಅವರಿಗೆ ಮರೆತೇ ಹೋಗಿತ್ತು.

“ಸೊಸಿಗೆ ಇನ್ನ ಏಳನೇ ತಿಂಗಳ್ರಿ ವೈನಿ, ಹೊಟ್ಟ್ಯಾಗಿನ ಕೂಸಿಗೆ ಆಗ್ಲೇ ಹೆಸರು ಇಟ್ಟು ಕರ್ಯಾಕತ್ತಾರ ನೋಡ್ರಿ!”