ಅತ್ತೆಯನ್ನು ಫೇಲ್ ಮಾಡಿ ಸಾರ್

ಸರ್ಕಾರದ ದುಡ್ಡಿನಲ್ಲಿ ನಡೆಯುವ ಮರೆವಿನ ಕಾಯಿಲೆಯ ಸಂಶೋಧನೆಗೆಂದು ನಿಟ್ಟೂರಿನಲ್ಲಿ ಮನೆಮನೆ ತಿರುಗುತ್ತಿದ್ದೆ. ವಯಸ್ಸಾದವರಿಗೆ ಐದು ಪದ ಹೇಳಿ, ಸ್ವಲ್ಪ ಹೊತ್ತು ಬೇರೇನೋ ಮಾತಾಡಿ, ಆ ಪದಗಳನ್ನು ಮತ್ತೆ ಕೇಳುವುದು ನನ್ನ ಕೆಲಸ. ಎಲ್ಲ ಮನೆಗೂ ಅದೇ ಪದ, ಅದೇ ಕ್ರಮ. ಶಿಸ್ತೆಂದರೆ ಶಿಸ್ತು.

ಗೌರಮ್ಮನವರ ಮನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಶುರು ಮಾಡಿದರು. "ಕೊಡೆ, ಮಲ್ಲಿಗೆ, ಗಡಿಯಾರ, ಬೆಲ್ಲ, ಹಸಿರು." ಪಕ್ಕದ ಮನೆಯಿಂದ ಪ್ರಶ್ನೆ ಲೀಕ್ ಆಗಿತ್ತು. ನಾನು ಗೇಟು ದಾಟುವವರೆಗೂ ಸೊಸೆ ಬಾಯಿಪಾಠ ಮಾಡಿಸಿದ್ದಳು.

"ಅತ್ತೆ ಪಾಸಾ ಸಾರ್?"

"ಪಾಸು. ಹಾಗಾಗಿ ತುಮಕೂರಿನಲ್ಲಿ ಫ್ರೀ ಸ್ಕ್ಯಾನ್ ಇವರಿಗಿಲ್ಲ. ಅದು ಮರೆವು ಇರೋರಿಗೆ."

"ಅಯ್ಯೋ, ಮೊನ್ನೆ ಗ್ಯಾಸ್ ಹಚ್ಚಿಟ್ಟು ಮರ್ತು ಹೋಗವ್ರೆ. ಫೇಲ್ ಮಾಡಿ ಸಾರ್!"

ಕಾಪಿ ಹೊಡೆಯುವುದು ಎಂಥ ಅಪರಾಧವೆಂದು ನಾನು ಭಾಷಣ ಬಿಗಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಕಾಪಿ ಹೊಡ್ಸಿದ್ದು ನಾನು. ಶಿಕ್ಷೆ ಅತ್ತೆಗಾ?"

ರೂಲ್ಸ್ ತೋರಿಸೋಣವೆಂದು ಕೈಪಿಡಿ ತೆಗೆದೆ. ಪದಗಳು ಮೊದಲೇ ಗೊತ್ತಿದ್ದರೆ ಬೇರೆ ಪದ ಕೇಳಬೇಕೆಂದು ಅದರಲ್ಲೇ ಇತ್ತು. ತರಬೇತಿಯಲ್ಲಿ ಅದರ ಕೆಳಗೆ ನಾನೇ ಗೆರೆ ಎಳೆದಿದ್ದೆ.

ಹೊಸ ಐದು ಪದ ಹೇಳಿದೆ. ತೆಂಗಿನ ಫಸಲಿನ ಮಾತಾಡಿ ಮತ್ತೆ ಕೇಳಿದೆ. ಅಜ್ಜಿ ನನ್ನ ಮುಖವನ್ನೇ ನೋಡಿ, "ನೀನು ಯಾರ ಮಗನಪ್ಪಾ?" ಅಂದರು.

ಸೊಸೆ ಕಣ್ಣೊರೆಸಿಕೊಂಡು ಥ್ಯಾಂಕ್ಸ್ ಹೇಳಿದಳು. ಸ್ಕ್ಯಾನ್‌ಗೆ ಅಜ್ಜಿಯ ಹೆಸರು ಬರೆದೆ. ನನ್ನ ಹೆಸರನ್ನೂ ಬರೆಯಬೇಕಿತ್ತು, ಆದರೆ ಸಿಬ್ಬಂದಿಗೆ ಆ ಸೌಲಭ್ಯವಿಲ್ಲ.