ಪಕ್ಕಕ್ಕಿಟ್ಟ ಗುಳ್ಳೆಗಳು

ಮೇ ತಿಂಗಳ ಮೊದಲ ಸೋಮವಾರ, ಕೋಲಾರದ ಪ್ರಯೋಗಾಲಯದಲ್ಲಿ, ನನ್ನ ಪಿಎಚ್‌ಡಿ ಮಾರ್ಗದರ್ಶಿ ಮೇಡಂ ಕೊನೆಯ ಅಧ್ಯಾಯವನ್ನು ಸಹಿ ಹಾಕದೆ ಹಿಂತಿರುಗಿಸಿದರು. ಆ ಸಹಿ ಇಲ್ಲದೆ ಜುಲೈ ಕೊನೆಗೆ ಪ್ರಬಂಧ ಸಲ್ಲಿಸುವಂತಿರಲಿಲ್ಲ.

ನನ್ನ ಕೆಲಸ ಲಿಪಿಡ್ ಗುಳ್ಳೆಗಳ ಮೇಲೆ. ಲಿಪಿಡ್ ಎಂದರೆ ಕೊಬ್ಬಿನ ಜಾತಿಯ ಅಣು. ಅದರ ತೆಳು ಪೊರೆ ಗುಳ್ಳೆಯಾಗಿ ನೀರಿನಲ್ಲಿ ತೇಲುತ್ತದೆ, ಒಳಗೂ ನೀರೇ. ನೀರಿನ ಅಣುಗಳ ತಳ್ಳಾಟಕ್ಕೆ ಪೊರೆಯ ಅಂಚು ಸದಾ ಅಲುಗುತ್ತಿರುತ್ತದೆ. ಎಷ್ಟು ಅಲುಗುತ್ತದೆ ಎಂದು ವಿಡಿಯೊದಲ್ಲಿ ಅಳೆದು, ಪೊರೆ ಎಷ್ಟು ಬಿರುಸು ಎಂದು ಲೆಕ್ಕ ಹಾಕುತ್ತೇವೆ. ನನ್ನ ಲೆಕ್ಕದಲ್ಲಿ ಅದು ತೀರಾ ಬಿರುಸಾಗಿ ಬಂದಿತ್ತು.

"ಎಲ್ಲಾ ಗುಂಡಗೇ ಇದಾವಲ್ಲಮ್ಮ. ಮಿಕ್ಕಿದ್ದೆಲ್ಲಿ?" ಎಂದರು ಮೇಡಂ.

"ಸೊಟ್ಟಗಿದ್ವು ಮೇಡಂ. ಒಂದು ಕಡೆ ನಿಲ್ತಾನೇ ಇರ್ಲಿಲ್ಲ. ಬಿಟ್ಬಿಟ್ಟೆ."

"ನಮಗೆ ಬೇಕಾಗಿದ್ದು ಅವೇ ಕಣಮ್ಮ."

ತುಂಬಿ ಬಿಗಿದ ಗುಳ್ಳೆ ಗುಂಡಗಿರುತ್ತದೆ, ಕಡಿಮೆ ಅಲುಗುತ್ತದೆ, ಹಾಗಾಗಿ ಲೆಕ್ಕದಲ್ಲಿ ಪೊರೆ ಇರುವುದಕ್ಕಿಂತ ಬಿರುಸಾಗಿ ಬರುತ್ತದೆ. ನಾನು ಅಂಥವನ್ನೇ ಆರಿಸಿದ್ದೆ. ಚಿಕ್ಕಂದಿನಿಂದ ಬೇಸಿಗೆ ರಜೆಯಲ್ಲಿ ಅಮ್ಮನ ಜೊತೆ ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನಕಾಯಿ ಆರಿಸಿದವಳು ನಾನು. ಸೊಟ್ಟಗಿದ್ದದ್ದನ್ನು ಕೈ ತಾನಾಗಿಯೇ ಪಕ್ಕಕ್ಕಿಡುತ್ತಿತ್ತು. ಮೈಕ್ರೋಸ್ಕೋಪಿನಲ್ಲಿ ಅದನ್ನೇ ಕಣ್ಣು ಮಾಡಿತ್ತು.

ಆ ಭಾನುವಾರ ಮಂಡಿಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ತೋತಾಪುರಿ ರಾಶಿಯಿಂದ ತಲೆ ಎತ್ತಲಿಲ್ಲ.

"ಸೊಟ್ಟಗಿರೋದನ್ನ ಒಳ್ಳೇದರ ಜೊತೆ ಹಾಕಿದ್ರೆ ನಾನೇ ನಿನ್ ತಲೆಗೆ ಮೊಟಕ್ತಿದ್ದೆ."

"ಅಲ್ಲಿ ಅದೇ ತಪ್ಪಾಯ್ತು ಕಣಮ್ಮ."

"ಹಂಗಾದ್ರೆ ಆರ್ಸೋರ ಥರ ನೋಡ್ಬೇಡ. ಕೊಳ್ಳೋಕೆ ಬರೋರನ್ನ ನೋಡಿಲ್ವೇನೇ? ಮುಖ ಆ ಕಡೆ ತಿರುಗಿಸ್ಕೊಂಡು ರಾಶಿ ಮಧ್ಯಕ್ಕೆ ಕೈ ಹಾಕ್ತಾರೆ. ಸಿಕ್ಕಿದ್ದು ಸಿಕ್ಕಂಗೆ ನೋಡಿದ್ರೇನೇ ಇಡೀ ರಾಶಿ ಹೆಂಗಿದೆ ಅಂತ ಗೊತ್ತಾಗೋದು."

ಮರುದಿನದಿಂದ ಹೊಸದಾಗಿ ಅಳೆಯತೊಡಗಿದೆ. ಗಾಜಿನ ಪಟ್ಟಿಯ ಒಂದು ಮೂಲೆಯಿಂದ ಹೊರಟು, ಸಾಲು ಬಿಡದೆ ಸರಿಸುತ್ತ, ಎದುರಾದ ಪ್ರತಿ ಗುಳ್ಳೆಯ ವಿಡಿಯೊ ತೆಗೆದೆ. ಬಿಗಿದದ್ದನ್ನು ಬಿಗಿದದ್ದು ಎಂದೇ ಬರೆದೆ. ಚಿತ್ರೀಕರಣದ ನಡುವೆ ಒಡೆದದ್ದನ್ನು ಒಡೆಯಿತು ಎಂದು ಬರೆದೆ. ಬಹಳಷ್ಟು ಗುಳ್ಳೆಗಳು ಸಡಿಲವಾಗಿದ್ದವು. ಒಂದು ಗಳಿಗೆ ಮೊಟ್ಟೆಯಂತೆ, ಇನ್ನೊಂದು ಗಳಿಗೆ ಗೋಡಂಬಿಯಂತೆ ಕಾಣುತ್ತಿದ್ದವು. ಕೈ ಮುಂದಿನದಕ್ಕೆ ಸರಿಯಲು ನೋಡುತ್ತಿತ್ತು. ತಡೆದುಕೊಂಡೆ.

ಜುಲೈ ಎರಡನೇ ವಾರ ಲೆಕ್ಕ ಮುಗಿಯಿತು. ಪೊರೆ ಮೊದಲು ಬಂದದ್ದಕ್ಕಿಂತ ಮೆತ್ತಗಿತ್ತು. ಮೇಡಂ ವಿಡಿಯೊಗಳನ್ನು ಮೂರು ದಿನ ನೋಡಿದರು. ಒಡೆದವುಗಳ ಪಟ್ಟಿಯನ್ನೂ ಕೇಳಿ ತರಿಸಿಕೊಂಡರು.

ನಿನ್ನೆ ಸಂಜೆ ನಾಲ್ಕಕ್ಕೆ ಅಧ್ಯಾಯಕ್ಕೆ ಸಹಿ ಬಿತ್ತು.