ಏಳನೇ ನಂಬರಿನ ಮನೆಗೆ ಬರುವ ಲಕೋಟೆಗಳು

ವಿಶ್ವವಿದ್ಯಾಲಯದ ಹಿಂಗೋಡೆಗೆ ಅಂಟಿಕೊಂಡ ಓಣಿಯಲ್ಲಿ ಏಳನೇ ನಂಬರಿನ ಮನೆಯಾಕೆ ತನ್ನ ಮೇಲ್ಮಹಡಿಯ ಆರು ಕೋಣೆಗಳನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಅವರಿಗೆ ವಾರ್ಡನ್ನಮ್ಮ ಎಂಬ ಹೆಸರು ಬಿದ್ದು ಮೂವತ್ತು ವರ್ಷ ಮೀರಿತ್ತು. ನಿಜವಾದ ವಾರ್ಡನ್ ಗೋಡೆಯ ಆಚೆ ಇದ್ದರು. ಅವರಿಗೆ ಯಾರೂ ಹೆದರುತ್ತಿರಲಿಲ್ಲ. ಈಕೆ ಮೆಟ್ಟಿಲ ಬುಡದಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಆರೂ ಕೋಣೆಗಳ ಗದ್ದಲ ಅಡಗುತ್ತಿತ್ತು.

ಪ್ರತಿವರ್ಷ ಹಳೆಯ ವಿದ್ಯಾರ್ಥಿಗಳ ಸಮ್ಮೇಳನಕ್ಕೆ ಒಂದು ತಿಂಗಳಿರುವಾಗ ಅಂಚೆಯವನು ಈ ಮನೆಗೆ ಒಂದು ಕಟ್ಟು ಲಕೋಟೆ ತರುತ್ತಿದ್ದ. ಪ್ರವೇಶಪತ್ರದಲ್ಲಿ ಖಾಯಂ ವಿಳಾಸ ಎಂದಿದ್ದ ಕಡೆ ಬಾಡಿಗೆಯ ಹುಡುಗರು, ಹುಡುಗಿಯರು ಈ ಮನೆಯ ವಿಳಾಸವನ್ನೇ ಬರೆದಿದ್ದರು. ಕೆಲವರ ಅಪ್ಪಂದಿರಿಗೆ ವರ್ಗವಾಗುವ ನೌಕರಿ. ಕೆಲವರಿಗೆ ಅಂಕಪಟ್ಟಿ ಅಪ್ಪನ ಕೈಗೆ ಮೊದಲು ಸಿಗಬಾರದೆಂಬ ಮುಂಜಾಗ್ರತೆ. ಓದು ಮುಗಿಸಿ ಅವರು ಹೊರಟುಹೋದರು, ವಿಳಾಸ ಮಾತ್ರ ಉಳಿಯಿತು. ಮುಂದೆ ಎಲ್ಲೆಲ್ಲಿ ನೆಲೆಸಿದರೋ ಅದನ್ನು ವಾರ್ಡನ್ನಮ್ಮನಿಗೆ ಬರೆದು ತಿಳಿಸಿದರೇ ಹೊರತು ವಿಶ್ವವಿದ್ಯಾಲಯಕ್ಕೆ ತಿಳಿಸಲಿಲ್ಲ.

ಅದಕ್ಕೆಂದೇ ಅವರ ಬಳಿ ಉದ್ದನೆಯ ಪುಸ್ತಕವೊಂದಿತ್ತು. ಕೋಣೆಗೊಂದು ಭಾಗ, ಪ್ರತಿ ಹೆಸರಿನ ಪಕ್ಕದಲ್ಲಿ ಗುರುತಿಗೆ ಎರಡು ಪದ: ನಲ್ಲಿ ಮರೆತವನು, ಬೀಗ ಕಳೆದವಳು, ಹಾಡಿ ಕಾಡಿದವನು. ಲಕೋಟೆಯ ಮೇಲಿನ ತಮ್ಮ ವಿಳಾಸ ಹೊಡೆದುಹಾಕಿ, ಹೊಸದನ್ನು ದುಂಡಗೆ ಬರೆದು ಅವರು ಮರಳಿ ಅಂಚೆಗೆ ಹಾಕುತ್ತಿದ್ದರು. ಊಟದ ಮೇಜಿನ ಮೇಲೆ ಮೂರು ದಿನಗಳ ಕೆಲಸ. ಕಳುಹಿಸಿದ ಆಹ್ವಾನಗಳಲ್ಲಿ ಒಂದೂ ಹಿಂದಿರುಗಿ ಬಂದಿಲ್ಲವೆಂದು ವಿಶ್ವವಿದ್ಯಾಲಯ ತನ್ನ ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿಸುತ್ತಿತ್ತು. ಏಕೆ ಬಂದಿಲ್ಲವೆಂದು ಅಲ್ಲಿ ಯಾರೂ ವಿಚಾರಿಸಲಿಲ್ಲ.

ಮನೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಹಿಂಗೋಡೆಯಲ್ಲಿ, ಒಬ್ಬರು ನುಸುಳುವಷ್ಟು ಅಗಲದ ಕಬ್ಬಿಣದ ಬಾಗಿಲಿತ್ತು. ಅದರಾಚೆಯ ಮೊದಲ ಕಟ್ಟಡವೇ ಫಿಸಿಯೋಥೆರಪಿ ವಿಭಾಗ. ವಾರ್ಡನ್ನಮ್ಮನ ಜೊತೆಗಿದ್ದ ತಂಗಿಗೆ ಎರಡು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದು ಬಲಗಾಲು ಬಿದ್ದುಹೋಗಿತ್ತು. ಮಂಗಳವಾರ, ಶುಕ್ರವಾರ ಅಕ್ಕನ ತೋಳು ಹಿಡಿದು ಆ ಬಾಗಿಲು ದಾಟಿ ಹೋದರೆ ಅಲ್ಲಿನ ವಿದ್ಯಾರ್ಥಿಗಳು ಅಧ್ಯಾಪಕರ ಎದುರಿನಲ್ಲಿ ಆಕೆಗೆ ವ್ಯಾಯಾಮ ಮಾಡಿಸುತ್ತಿದ್ದರು. ಒಂದೂವರೆ ವರ್ಷಕ್ಕೆ ಕಾಲು ನೆಲದಿಂದ ನಾಲ್ಕು ಬೆರಳು ಮೇಲೇಳತೊಡಗಿತ್ತು.

ಆಗ, ಭದ್ರತೆಯ ಕಾರಣ ಹೇಳಿ, ಆ ಬಾಗಿಲಿಗೆ ಬೀಗ ಹಾಕಿದರು. ಮುಂಬಾಗಿಲು ಒಂದೂವರೆ ಮೈಲಿ ಸುತ್ತು. ಹೊರಗಿನ ವಾಹನಗಳನ್ನು ಅಲ್ಲಿಯೇ ತಡೆಯುತ್ತಿದ್ದರು. ಮುಂದೆ ವಿಭಾಗದವರೆಗೂ ಏರುದಾರಿ. ಮೊದಲ ಮಂಗಳವಾರ ತಂಗಿ ಆ ಏರಿನ ನಡುವೆ ಕುಳಿತುಬಿಟ್ಟವಳು ಮತ್ತೆ ಹೊರಡಲು ಒಪ್ಪಲಿಲ್ಲ. ನಾಲ್ಕು ತಿಂಗಳಲ್ಲಿ ಕಾಲು ಮತ್ತೆ ನೆಲ ಗುಡಿಸುವಂತಾಯಿತು.

ವಾರ್ಡನ್ನಮ್ಮ ಮೂರು ಸಲ ಆಡಳಿತ ಕಚೇರಿಯ ಮೆಟ್ಟಿಲು ಹತ್ತಿದರು. ಹಳೆಯ ವಿದ್ಯಾರ್ಥಿಗಳು, ನೆರೆಹೊರೆ, ಎರಡನ್ನೂ ನೋಡಿಕೊಳ್ಳುವ ಸಂಪರ್ಕಾಧಿಕಾರಿ ಮೊದಲೆರಡು ಸಲ ಅರ್ಜಿ ತೆಗೆದುಕೊಂಡರು. ಮೂರನೆಯ ಸಲ ಕನ್ನಡಕ ಕೆಳಗಿಟ್ಟರು.

"ಅಮ್ಮ, ನೀವು ವಿದ್ಯಾರ್ಥಿ ಅಲ್ಲ, ಸಿಬ್ಬಂದಿ ಅಲ್ಲ, ಹಳೇ ವಿದ್ಯಾರ್ಥಿನೂ ಅಲ್ಲ. ನಿಮ್ಮನ್ನ ಯಾವ ಪಟ್ಟಿಗೆ ಸೇರಿಸಲಿ, ಹೇಳಿ?"

ವಾರ್ಡನ್ನಮ್ಮ ಅರ್ಜಿ ಮಡಚಿಕೊಂಡು ಎದ್ದು ಬಂದರು.

ಮರುವಾರವೇ ಲಕೋಟೆಗಳ ಕಟ್ಟು ಬಂತು. "ಅರವತ್ತೊಂದು ಇದೆ, ವಾರ್ಡನ್ನಮ್ಮ. ಇಷ್ಟು ಸಲ ಪಾಸಾದೋರು ಈ ಊರಲ್ಲಿ ಇನ್ಯಾರೂ ಇಲ್ಲ," ಎಂದ ಅಂಚೆಯವನು. ವರ್ಷವೂ ಅವನು ಆಡುತ್ತಿದ್ದ ತಮಾಷೆ ಅದು. ಈ ಸಲ ಅವರು ನಗಲಿಲ್ಲ. ಕಟ್ಟು ಎರಡು ದಿನ ಮೇಜಿನ ಮೇಲೆ ಬಿದ್ದಿತ್ತು. ಪೆನ್ನು ಹಿಡಿದರೆ ಹೆಬ್ಬೆರಳು ನೋಯುತ್ತಿತ್ತು.

"ಬೇಜಾರಾದ್ರೆ ವಾಪಸ್ ಕಳಿಸಿಬಿಡಕ್ಕ. ನೀನೇನು ಅವರ ಗುಮಾಸ್ತೆನಾ?" ಎಂದಳು ತಂಗಿ.

"ಹುಡುಗರು ಏನು ತಪ್ಪು ಮಾಡಿದ್ರೇ?"

"ನನ್ನ ಕಾಲು ಏನು ತಪ್ಪು ಮಾಡ್ತು?"

ವಾರ್ಡನ್ನಮ್ಮ ಕುಳಿತು, ಅರವತ್ತೊಂದು ಲಕೋಟೆಗಳ ಮೇಲೂ 'ಈ ವಿಳಾಸದಲ್ಲಿ ಇಲ್ಲ' ಎಂದು ಬರೆದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಆ ಸಂಜೆ ಅವರಿಗೆ ಊಟ ರುಚಿಸಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಸಂಪರ್ಕಾಧಿಕಾರಿ ಬಾಗಿಲಲ್ಲಿ ನಿಂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಹಿಂಬಾಗಿಲ ಬೀಗದ ಕೈ ಭದ್ರತಾ ಕಚೇರಿಯಲ್ಲಿದ್ದು, ಅಲ್ಲಿನವರು ಊಟಕ್ಕೆ ಹೋಗಿದ್ದರಿಂದ, ಅವರೂ ಮುಂಬಾಗಿಲಿನಿಂದ ಸುತ್ತಿ ನಡೆದು ಬಂದಿದ್ದರು. ತಂಗಿ ಗೋಡೆ ಹಿಡಿದು ಕಾಲೆಳೆಯುತ್ತ ಹೋಗಿ ನೀರು ತಂದಳು. ಆಕೆ ಬಂದು ತಲುಪುವವರೆಗೆ ಅವರಿಗೆ ನೋಡುತ್ತ ಕೂರುವುದಲ್ಲದೆ ಬೇರೆ ದಾರಿಯಿರಲಿಲ್ಲ.

ಬಂದ ಕಾರಣವನ್ನು ಅವರು ನೀರು ಕುಡಿದ ಮೇಲೆ ಹೇಳಿದರು. ಅರವತ್ತೊಂದು ಆಹ್ವಾನಗಳು ಹಿಂದಿರುಗಿದ್ದವು. ಅವುಗಳಲ್ಲಿ ಮುಖ್ಯ ಅತಿಥಿಯದೂ ಒಂದು. ಕಡತದಲ್ಲಿ ಆತನಿಗೆ ಇದ್ದದ್ದು ಇದೇ ಮನೆಯ ವಿಳಾಸ.

ವಾರ್ಡನ್ನಮ್ಮ ಪುಸ್ತಕ ತೆರೆದು ನಾಲ್ಕನೇ ಕೋಣೆಯ ಭಾಗದ ಮೇಲೆ ಬೆರಳಾಡಿಸಿದರು. "ನಲ್ಲಿ ಮರೆತವನು. ಮೂರು ಸಲ ನನ್ನ ತೊಟ್ಟಿ ಖಾಲಿ ಮಾಡಿದ. ಈಗೇನು ಮಾಡ್ತಿದ್ದಾನೆ?"

ದೊಡ್ಡ ನಗರವೊಂದರ ನೀರು ಸರಬರಾಜಿನ ಮುಖ್ಯಸ್ಥರು ಎಂದು ಅಧಿಕಾರಿ ತಗ್ಗಿದ ದನಿಯಲ್ಲಿ ಹೇಳಿದರು. ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪುಸ್ತಕವನ್ನು ಒಂದು ದಿನದ ಮಟ್ಟಿಗೆ ಕೊಡಬಹುದೇ ಎಂದು ಅವರು ಕೇಳಿದರು.

"ಪುಸ್ತಕ ಮನೆ ಬಿಟ್ಟು ಹೋಗಲ್ಲ. ಲಕೋಟೆ ತಂದುಕೊಡಿ, ಬರೆದುಕೊಡ್ತೀನಿ. ಆ ಹಿಂಬಾಗಿಲಿಂದ ತನ್ನಿ. ಮುಚ್ಚೋದನ್ನ ಮರೆತುಬಿಡಿ."

"ಅದು ನನ್ನ ಕೈಲಿಲ್ಲ, ಅಮ್ಮ."

"ನನ್ನ ಕೈಲಿರೋದು ಇದೊಂದೇ," ಎಂದು ಅವರು ಪುಸ್ತಕ ಮುಚ್ಚಿದರು.

ಲಕೋಟೆಗಳು ಮರಳಿ ಬಂದವು, ಬಾಗಿಲೂ ತೆರೆಯಿತು. ಮಂಗಳವಾರ ಮತ್ತು ಶುಕ್ರವಾರ, ಹತ್ತರಿಂದ ಹನ್ನೆರಡರವರೆಗೆ ಮಾತ್ರ. ಒಬ್ಬ ಕಾವಲುಗಾರ, ಅವನ ಮುಂದೊಂದು ಸ್ಟೂಲು, ಸ್ಟೂಲಿನ ಮೇಲೊಂದು ರಿಜಿಸ್ಟರು. ಅದರಲ್ಲಿ ನಾಲ್ಕು ಅಂಕಣಗಳಿದ್ದವು: ವಿದ್ಯಾರ್ಥಿ, ಸಿಬ್ಬಂದಿ, ಹಳೆಯ ವಿದ್ಯಾರ್ಥಿ, ಇತರೆ. ಎಲ್ಲಾದರೂ ಒಂದು ಕಡೆ ಗುರುತು ಹಾಕಿ ಅಂದ ಕಾವಲುಗಾರ. ವಾರ್ಡನ್ನಮ್ಮ ಯಾವುದಕ್ಕೂ ಗುರುತು ಹಾಕದೆ, ನಾಲ್ಕೂ ಅಂಕಣಗಳಿಗೆ ಅಡ್ಡಲಾಗಿ ತಮ್ಮ ಮನೆಯ ವಿಳಾಸವನ್ನು ದುಂಡಗೆ ಬರೆದರು. ಅವನು ಅದನ್ನೊಮ್ಮೆ, ತಂಗಿಯ ಕಾಲನ್ನೊಮ್ಮೆ ನೋಡಿ ಸ್ಟೂಲು ಪಕ್ಕಕ್ಕೆಳೆದ.

ವಿಭಾಗದಲ್ಲಿ ಹಳಬರು ಓದು ಮುಗಿಸಿ ಹೋಗಿದ್ದರು. ಹೊಸ ಹುಡುಗಿಯೊಬ್ಬಳು ತಂಗಿಯ ಹಿಮ್ಮಡಿ ಹಿಡಿದು, ಕಾಲೆತ್ತಿ ನೋಡೋಣ ಎಂದಳು. ಕಾಲು ಏಳಲಿಲ್ಲ. ಹಾಗಾದರೆ ಮೊದಲಿಂದ ಶುರುಮಾಡಬೇಕಾಗುತ್ತದೆ ಎಂದಳು ಆ ಹುಡುಗಿ. ಅಕ್ಕ, ತಂಗಿ ಇಬ್ಬರೂ ಹೂಂ ಎಂದು ತಲೆಯಾಡಿಸಿದರು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅಕ್ಕತಂಗಿಯರು ಬಾಗಿಲು ದಾಟಿ ಮನೆಗೆ ಬಂದರು. ತಂಗಿ ಮಲಗಿಕೊಂಡಳು. ವಾರ್ಡನ್ನಮ್ಮ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಮೇಜಿನ ಮುಂದೆ ಕುಳಿತರು. ಇಪ್ಪತ್ತೊಂದು ಲಕೋಟೆ ಮುಗಿದಿದ್ದವು, ನಲವತ್ತು ಉಳಿದಿದ್ದವು.